ವ್ಯತ್ಯಾಸ ಅಂದರೆ ವಿಕೃತಿ ಅಲ್ಲ

‘ಥಾಯ್ ಜನರ ನರ, ಮೂಳೆಗಳಲ್ಲಿ ವಿಕೃತಿ.’ ಆರೋಗ್ಯದ ಬರಹವೊಂದರಲ್ಲಿ ಮೊನ್ನೆ ಮತ್ತೆ ಇಂಥ ಸಾಲು ಕಣ್ಣಿಗೆ ಬಿತ್ತು. ಇದು ಎಷ್ಟನೇ ಸಲವೋ. ಒಳಗೆ ಓದಿದರೆ ವಿಷಯ ಇಷ್ಟೇ: ಕೆಲವರಲ್ಲಿ ಒಂದು ನರ ಪಠ್ಯಪುಸ್ತಕದ ಚಿತ್ರದಲ್ಲಿರುವ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತದೆ. ಅದರ ಹೆಸರು ರಚನಾ ವ್ಯತ್ಯಾಸ. ವಿಕೃತಿ ಅಲ್ಲ, ದೋಷವೂ ಅಲ್ಲ. ನರ ತನ್ನ ಕೆಲಸ ಸರಿಯಾಗೇ ಮಾಡುತ್ತಿರುತ್ತದೆ.

ವಿಕೃತಿ, ವಿಕಾರ ಎರಡೂ ಒಂದೇ ಬೇರಿನವು. ಸಾಂಖ್ಯ ದರ್ಶನದ ಲೆಕ್ಕದಲ್ಲಿ ಹಾಲು ಮೊಸರಾದರೆ ಅದು ವಿಕಾರ. ರೂಪ ಬದಲಾಯಿತು, ಅಷ್ಟೇ. ಅರವತ್ತು ಸಂವತ್ಸರಗಳಲ್ಲೂ ಇದೇ ಬೇರಿನ ಎರಡು ಹೆಸರಿವೆ: 2010ರ ಯುಗಾದಿಗೆ ವಿಕೃತಿ ಬಂತು, 2019ಕ್ಕೆ ವಿಕಾರಿ. ಆದರೆ ಇವತ್ತಿನ ಮಾತಿನಲ್ಲಿ ಯಾರದೋ ಮುಖವನ್ನು ‘ವಿಕಾರ’ ಅಂದರೆ ಅದು ಬೈಗುಳ. ‘ವಿಕೃತ’ ಅಂದರಂತೂ ಇನ್ನೂ ಜಾಸ್ತಿ. ಥಾಯ್ ಭಾಷೆಗೂ ‘ವಿಕಾರ’ ಅನ್ನುವ ಸಂಸ್ಕೃತ ಪದ ಹೋಗಿ ‘ಪಿಕಾನ್’ ಆಗಿದೆ. ಅಲ್ಲಿ ಅದರ ಅರ್ಥ ಅಂಗವಿಕಲ. ಅಂದರೆ ಎರಡೂ ಕಡೆ ಪದ ಒಂದೇ ದಿಕ್ಕಿಗೆ ಜಾರಿದೆ. ಹಳೆಯ ಅರ್ಥ ಏನೇ ಇರಲಿ, ಗಟ್ಟಿಮುಟ್ಟಾಗಿ ಓಡಾಡುವವರ ಮೈಗೆ ಈಗ ಈ ಪದ ಅಂಟಿಸುವುದು ತಪ್ಪು ಅಲ್ವಾ?

ಅಂಗರಚನಾ ಶಾಸ್ತ್ರಕ್ಕೆ ಥಾಯ್ ಜನ ‘ಕಾಯವಿಪಾಕ್‌ಸಾತ್’ ಅನ್ನುತ್ತಾರೆ. ಬಿಡಿಸಿದರೆ ಕಾಯ, ವಿಭಾಗ, ಶಾಸ್ತ್ರ. ನಮಗೆ ಹೇಳಿಕೊಡಬೇಕಾಗಿಯೇ ಇಲ್ಲ.

ಈಗ ಕೈಗೆ ಸಿಗುವ ಒಂದು ಉದಾಹರಣೆ. ಕೆಳದವಡೆಯಲ್ಲಿ ಕೋರೆಹಲ್ಲಿನಿಂದ ಹಿಂದಕ್ಕೆ ಎರಡು ಹಲ್ಲು ಎಣಿಸಿ. ಆ ಎರಡನೇ ಹಲ್ಲಿನ ನೇರಕ್ಕೆ, ಕೆಳಗೆ, ಗದ್ದದ ಮೂಳೆಯ ಮೇಲೆ ಬೆರಳಿಡಿ. ಅಲ್ಲೆಲ್ಲೋ ಒಂದು ಸಣ್ಣ ತೂತಿದೆ. ಕೆಳತುಟಿಯ, ಗದ್ದದ ಸ್ಪರ್ಶ ತಿಳಿಸುವ ನರ ಹೊರಬರುವುದು ಅಲ್ಲಿಂದ. ಥಾಯ್ ದವಡೆಗಳಲ್ಲಿ ಈ ತೂತು ಹೆಚ್ಚಾಗಿ ಎರಡನೇ ಹಲ್ಲಿನ ಕೆಳಗೇ ಸಿಗುತ್ತದೆ. ಯುರೋಪಿನ ಮೂಲದವರಲ್ಲಿ ಎಷ್ಟೋ ಸಲ ಅದು ಮೊದಲ ಮತ್ತು ಎರಡನೇ ಹಲ್ಲಿನ ನಡುವೆ ಇರುತ್ತದೆ. ಕೆಲವರಿಗೆ ಪಕ್ಕದಲ್ಲೇ ಇನ್ನೊಂದು ಪುಟ್ಟ ತೂತೂ ಇರಬಹುದು. ಇದರಲ್ಲಿ ವಿಕೃತಿ ಎಲ್ಲಿದೆ? ಆದರೆ ಮರಗಟ್ಟುವ ಇಂಜೆಕ್ಷನ್ ಕೊಡುವ ದಂತವೈದ್ಯರಿಗೆ, ಇಂಪ್ಲಾಂಟ್ ಕೂರಿಸಲು ಮೂಳೆ ಕೊರೆಯುವವರಿಗೆ ಆ ಕೆಲವು ಮಿಲಿಮೀಟರ್ ಬಹಳ ದೊಡ್ಡದು. ನರಕ್ಕೆ ಪೆಟ್ಟಾದರೆ ತುಟಿ ಜೋಮು ಹಿಡಿದಂತೆ ಉಳಿದುಬಿಡಬಹುದು.

ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರದ್ದೂ ಇದೇ ಕಥೆ. ಪೃಷ್ಠದೊಳಗಿನ ಪಿರಿಫಾರ್ಮಿಸ್ ಸ್ನಾಯುವಿನ ಕೆಳಗಿನಿಂದ ಅದು ಇಡಿಯಾಗಿ ಬರುತ್ತದೆ ಅನ್ನುವುದು ಪಾಠ. ಕೆಲವರಲ್ಲಿ ಮೇಲೆಯೇ ಎರಡಾಗಿ ಸೀಳಿ, ಒಂದು ಕವಲು ಸ್ನಾಯುವನ್ನೇ ತೂರಿಕೊಂಡು ಬರುತ್ತದೆ. 1937ರಲ್ಲೇ ಬೀಟನ್ ಮತ್ತು ಆನ್ಸನ್ ಎಂಬ ಅಂಗರಚನಾ ತಜ್ಞರು ಇಂಥ ದಾರಿಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದರು.

ಇನ್ನೊಂದು ತಪ್ಪನ್ನೂ ಹೇಳಲೇಬೇಕು. ‘ಥಾಯ್ ಜನರಲ್ಲಿ ಹೀಗಿದೆ’ ಅಂದರೆ ಥಾಯ್ ಜನರೆಲ್ಲ ಹೀಗೆ ಅಂತಲ್ಲ. ನೂರು ದವಡೆ ನೋಡಿದರೆ ಎಷ್ಟರಲ್ಲಿ ಹೇಗೆ ಅನ್ನುವ ಲೆಕ್ಕ ಅದು. ಒಬ್ಬರ ಎಡಗಡೆಯೂ ಬಲಗಡೆಯೂ ಒಂದೇ ಥರ ಇರಬೇಕೆಂದೇನೂ ಇಲ್ಲ. ಅದಕ್ಕೇ ಇದು ಒಂದು ಜನಾಂಗದ ಗುರುತೂ ಅಲ್ಲ.

ಈ ಲೆಕ್ಕ ಎಷ್ಟೋ ಸಲ ಸಿಗುವುದು ದಾನವಾಗಿ ಬಂದ ದೇಹಗಳಿಂದ. ಹಾಗೆ ದೇಹ ಕೊಟ್ಟವರನ್ನು ಥಾಯ್ ವೈದ್ಯ ವಿದ್ಯಾರ್ಥಿಗಳು ‘ಆಚಾನ್ ಯೈ’ ಅನ್ನುತ್ತಾರೆ. ಆಚಾನ್ ನಮ್ಮ ಆಚಾರ್ಯ, ಯೈ ಅಂದರೆ ದೊಡ್ಡ. ಶಾಲೆಯ ಹೆಡ್‌ಮಾಸ್ಟರಿಗೂ ಅಲ್ಲಿ ಇದೇ ಹೆಸರಿತ್ತು. ವಿದ್ಯಾರ್ಥಿಗಳು ಪಾಠಕ್ಕೆ ಮೊದಲು ಆ ದೇಹಕ್ಕೆ ಕೈಮುಗಿಯುತ್ತಾರೆ, ಪಾಠ ಮುಗಿದ ಮೇಲೆ ಗೌರವದಿಂದ ದಹನ ಮಾಡುತ್ತಾರೆ. ಆ ಮೇಷ್ಟ್ರ ಮೈಯಲ್ಲಿ ಕಂಡದ್ದನ್ನು ಕನ್ನಡದಲ್ಲಿ ಬರೆಯುವಾಗ ‘ವ್ಯತ್ಯಾಸ’ ಅಂತಲೇ ಬರೆಯಿರಿ.