ಎತ್ತರ ಬೆಳೆದರೆ ಮಗಳ ದಪ್ಪ ತಾನಾಗಿ ಇಳಿಯುತ್ತಾ?

ಪ್ರಶ್ನೆ: ಮಗಳಿಗೆ 12 ವರ್ಷ. ಎತ್ತರ 148 ಸೆಂ.ಮೀ., ತೂಕ 50 ಕೆ.ಜಿ. ಇನ್ನೂ ಮುಟ್ಟು ಶುರುವಾಗಿಲ್ಲ. ‘ಈಗ ದಪ್ಪ ಇದ್ದರೇನಂತೆ, ಎತ್ತರ ಬೆಳೆದ ಮೇಲೆ ತಾನಾಗಿ ಇಳಿಯುತ್ತೆ’ ಅಂತಾರೆ ಮನೆಯವರು. ಸುಮ್ನೆ ಕಾಯಬಹುದಾ, ಡಯಟ್ ಮಾಡಿಸಬೇಕಾ?

ಉತ್ತರ: ಡಯಟ್ ಬೇಡ. ಹಾಗಂತ ಕೈಕಟ್ಟಿ ಕೂರುವುದೂ ಬೇಡ. ಮನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ಯಾವುದು ಅಂತ ಲೆಕ್ಕ ಹಾಕಿಯೇ ನೋಡೋಣ.

ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ನಿಮ್ಮ ಮಗಳದ್ದು 22.8. ‘25ರೊಳಗಿದ್ದರೆ ಪರವಾಗಿಲ್ಲ’ ಅನ್ನುವುದು ದೊಡ್ಡವರ ಲೆಕ್ಕ. ಮಕ್ಕಳಲ್ಲಿ ಈ ಮಿತಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ, ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯಲ್ಲಿ 12 ತುಂಬಿದ ಹುಡುಗಿಗೆ ಸುಮಾರು 20.8 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ನಿಮ್ಮ ಮಗಳಿಗೆ ತೂಕ ಜಾಸ್ತಿ ಇದೆ, ಬೊಜ್ಜು ಅನ್ನುವಷ್ಟಿಲ್ಲ.

ಎರಡು ವರ್ಷದಲ್ಲಿ ಎತ್ತರ 156 ಆಯಿತು ಅಂದುಕೊಳ್ಳಿ. ತೂಕ 50ರಲ್ಲೇ ನಿಂತಿದ್ದರೆ ಬಿಎಂಐ 20.5. 14 ವರ್ಷಕ್ಕೆ ಅದು ಸರಿಯಾದ ತೂಕ. 54ಕ್ಕೆ ಏರಿದ್ದರೂ ಮಿತಿಯೊಳಗೇ ಇರುತ್ತಾಳೆ. ಒಂದು ಕೆ.ಜಿ.ಯನ್ನೂ ಇಳಿಸಬೇಕಾಗಿಲ್ಲ ನೋಡಿ! ಆದರೆ 64 ಆಗಿಬಿಟ್ಟರೆ ಬಿಎಂಐ 26 ದಾಟಿ ಬೊಜ್ಜಿನ ಹೊಸ್ತಿಲಿಗೆ ಬಂದಿರುತ್ತದೆ. ಎತ್ತರ ಎರಡು ಲೆಕ್ಕದಲ್ಲೂ ಅಷ್ಟೇ ಬೆಳೆದಿದೆ, ಅಲ್ವಾ?

ಇದಕ್ಕೆ ಕಾಲಮಿತಿಯೂ ಇದೆ. ಹುಡುಗಿಯರು ಅತಿ ಬೇಗ ಬೆಳೆಯುವುದು ಸುಮಾರು 12ರ ಆಸುಪಾಸಿನಲ್ಲಿ, ಹುಡುಗರು 14ರ ಹೊತ್ತಿಗೆ. ಮುಟ್ಟು ಶುರುವಾದ ಮೇಲೆ ಹುಡುಗಿಯರು ಸರಾಸರಿ 5ರಿಂದ 7 ಸೆಂ.ಮೀ. ಬೆಳೆಯುತ್ತಾರೆ, ಅಷ್ಟೇ. ತೂಕ ಜಾಸ್ತಿ ಇರುವ ಹುಡುಗಿಯರಲ್ಲಿ ಮುಟ್ಟು ಸ್ವಲ್ಪ ಬೇಗನೇ ಬರುವುದುಂಟು. ಹಾಗಾಗಿ ಇನ್ನೆರಡು ವರ್ಷ ಬಿಟ್ಟು ನೋಡೋಣ ಅನ್ನುವ ಹೊತ್ತಿಗೆ ಎತ್ತರದ ಸಹಾಯ ಬಹುಪಾಲು ಮುಗಿದಿರುತ್ತದೆ. ಹದಿಹರೆಯದಲ್ಲಿ ಬೊಜ್ಜಿರುವ ಐವರಲ್ಲಿ ಸುಮಾರು ನಾಲ್ವರಿಗೆ ದೊಡ್ಡವರಾದ ಮೇಲೂ ಅದು ಉಳಿಯುತ್ತದೆ.

ಡಯಟ್ ಯಾಕೆ ಬೇಡ? ಮೂಳೆ ಬಲಿಯುವ ವಯಸ್ಸಿದು. ಕಬ್ಬಿಣಾಂಶ, ಕ್ಯಾಲ್ಸಿಯಂ ಎಲ್ಲ ಜಾಸ್ತಿ ಬೇಕು. ಊಟ ಬಿಡಿಸಿದರೆ ಮಗು ಕದ್ದು ತಿನ್ನಲು ಕಲಿಯುತ್ತದೆ, ಅಥವಾ ಊಟವನ್ನೇ ದ್ವೇಷಿಸಲು ಶುರುಮಾಡುತ್ತದೆ. ‘ದಪ್ಪಿ’ ಅಂತ ರೇಗಿಸುವುದನ್ನೂ ಮನೆಯಲ್ಲಿ ಇವತ್ತಿನಿಂದಲೇ ನಿಲ್ಲಿಸಿ. ಪ್ರೀತಿಯಿಂದ ಕರೆದರೂ ಅದು ಚುಚ್ಚುತ್ತದೆ.

ಮೊದಲು ಕುಡಿಯುವುದರ ಕಡೆ ಗಮನ ಕೊಡಿ. 330 ಮಿ.ಲೀ.ನ ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ ಎಂಟೊಂಬತ್ತು ಟೀ ಚಮಚ. ಅಷ್ಟು ಕುಡಿದರೂ ಹೊಟ್ಟೆ ತುಂಬುವುದಿಲ್ಲ, ಊಟ ಎಂದಿನಷ್ಟೇ ಹೋಗುತ್ತದೆ. ಪ್ಯಾಕೆಟ್ ಜ್ಯೂಸೂ ಇದೇ ಜಾತಿ. ಇವನ್ನು ಮನೆಗೆ ತರುವುದನ್ನೇ ನಿಲ್ಲಿಸಿದರೆ ಮಗಳಿಗೆ ‘ಬೇಡ’ ಅನ್ನುವ ಪ್ರಸಂಗವೇ ಬರುವುದಿಲ್ಲ. ಆದರೆ ಆ ನಿಯಮ ಅಪ್ಪನಿಗೂ ಅನ್ವಯಿಸಬೇಕು!

ಆಮೇಲೆ ನಿದ್ದೆ. 12 ವರ್ಷದವರೆಗೆ 9ರಿಂದ 12 ಗಂಟೆ, 13 ದಾಟಿದ ಮೇಲೆ 8ರಿಂದ 10 ಗಂಟೆ ಬೇಕು. ನಿದ್ದೆಗೆಟ್ಟ ಮಕ್ಕಳಿಗೆ ಮರುದಿನ ಹಸಿವು ಜಾಸ್ತಿ, ಆಡುವ ಉತ್ಸಾಹ ಕಮ್ಮಿ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗಿರಲಿ. ದಿನಕ್ಕೆ ಒಂದು ಗಂಟೆ ಮೈ ಬೆವರುವಷ್ಟು ಆಟವಾಗಲಿ. ಕುಣಿತ, ಸೈಕಲ್, ಯಾವುದಾದರೂ ಸರಿ.

ಕತ್ತಿನ ಹಿಂಭಾಗವನ್ನೂ ಒಮ್ಮೆ ನೋಡಿ. ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗಿದ್ದರೆ ಅದು ಕೊಳೆಯಲ್ಲ. ಎಷ್ಟೋ ತಾಯಂದಿರು ಅದನ್ನು ಉಜ್ಜಿ ಉಜ್ಜಿ ಮಗುವಿನ ಚರ್ಮ ಕೆಂಪಾಗಿಸುತ್ತಾರೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು ಅದಾಗಿರಬಹುದು. ಹಾಗಿದ್ದರೆ, ಇಲ್ಲವೇ ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಿ.

‘ಥೈರಾಯ್ಡ್ ಇರಬಹುದಾ?’ ಅಂತಲೂ ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ತೂಕ ಏರಿದ ಮಕ್ಕಳು ಈ ವಯಸ್ಸಿನಲ್ಲಿ ಓರಗೆಯವರಿಗಿಂತ ಕುಳ್ಳಗಿರುವುದಿಲ್ಲ, ತುಸು ಎತ್ತರವೇ ಇರುತ್ತಾರೆ. ತೂಕ ಏರುತ್ತಿದ್ದು ಎತ್ತರ ಮಾತ್ರ ನಿಂತುಬಿಟ್ಟಿದ್ದರೆ ಆಗ ಹಾರ್ಮೋನ್ ಪರೀಕ್ಷೆ ಮಾಡಿಸಲೇಬೇಕು.