ಸೀಸನ್ ಮುಗಿದ ಮೇಲೆ ಸ್ಕೋರ್‌ಬುಕ್ ಓದುವುದು ಹೇಗೆ: ಕ್ಲಬ್ ಆಟಗಾರನ ಬ್ಯಾಟಿಂಗ್, ಬೌಲಿಂಗ್ ಲೆಕ್ಕ

ಸರಾಸರಿ 26, ವಿಕೆಟ್ 17. ಕಲಬುರಗಿಯ ಕ್ಲಬ್ ಆಟಗಾರನೊಬ್ಬನ ವರ್ಷದ ಆಟವನ್ನು ಈ ಎರಡೇ ಅಂಕಿಗಳಲ್ಲಿ ಹೇಳಿದರೆ ಮುಂದೆ ನೆಟ್ ಅಭ್ಯಾಸದಲ್ಲಿ ಏನು ತಿದ್ದಬೇಕೆಂದು ಗೊತ್ತಾಗುವುದಿಲ್ಲ. ಅದು ತಿಳಿಯುವುದು ಪ್ರತಿ ಎಸೆತ ಬರೆದಿಟ್ಟ ಪುಟಗಳಲ್ಲಿ. ಇಲ್ಲಿರುವ ಅಂಕಿಗಳು ಅಭ್ಯಾಸಕ್ಕೆ ಮಾಡಿಕೊಂಡ ಉದಾಹರಣೆ. ನಿಮ್ಮ ಪುಸ್ತಕ ಎದುರಿಗಿಟ್ಟುಕೊಂಡು ಜೊತೆಗೇ ಲೆಕ್ಕ ಹಾಕುತ್ತ ಹೋಗಿ.

ಮೊದಲು ಪಂದ್ಯಗಳನ್ನು ಬೇರೆ ಮಾಡಿ

ಕೆಎಸ್‌ಸಿಎ (ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ) ರಾಯಚೂರು ವಲಯದ ಲೀಗ್ ಪಂದ್ಯಕ್ಕೂ ಭಾನುವಾರದ 20 ಓವರಿನ ಟೂರ್ನಿಗೂ ಒಂದೇ ಹಾಳೆ ಬೇಡ. ಮ್ಯಾಟ್ ಪಂದ್ಯ, ಟರ್ಫ್ ಪಂದ್ಯ ಅಂತಲೂ ಗುರುತು ಹಾಕಿ. ಸಿಮೆಂಟಿನ ಮೇಲೆ ಹಾಸಿದ ಮ್ಯಾಟ್‌ನಲ್ಲಿ ಚೆಂಡು ಜೋರಾಗಿ ಏಳುತ್ತದೆ, ಸ್ಪಿನ್ನರ್‌ಗೆ ಹಿಡಿತ ಸಿಗುತ್ತದೆ. ಎರೆಮಣ್ಣಿನ ಟರ್ಫ್‌ನಲ್ಲಿ ಪಿಚ್ ಸವೆದಂತೆ ಚೆಂಡು ನಿಧಾನವಾಗಿ, ತಗ್ಗಾಗಿ ಬರುತ್ತದೆ. ಮ್ಯಾಟ್‌ನಲ್ಲಿ ಮುಂಗಾಲಿನ ಡ್ರೈವ್ ಬ್ಯಾಟಿನ ಮೇಲ್ಭಾಗಕ್ಕೆ ತಗುಲಿ ಕವರ್‌ನಲ್ಲಿ ಕ್ಯಾಚ್ ಆಗುವ ಹುಡುಗನೇ ಟರ್ಫ್‌ನಲ್ಲಿ ಹಿಂದೆ ಸರಿದು ಆಡಿ ಎಲ್‌ಬಿಡಬ್ಲ್ಯು ಆಗುತ್ತಾನೆ. ಎರಡನ್ನೂ ಕಲಸಿಬಿಟ್ಟರೆ ಎರಡು ಬೇರೆ ಬೇರೆ ದೋಷಗಳೂ ಕಾಣದೆ ಹೋಗುತ್ತವೆ.

ಬ್ಯಾಟಿಂಗ್

ಸರಾಸರಿ ಎಂದರೆ ಒಟ್ಟು ರನ್ ಭಾಗಿಸು ಔಟಾದ ಸಲ. ಭಾಗಿಸಬೇಕಾದದ್ದು ಇನಿಂಗ್ಸ್‌ನಿಂದಲ್ಲ. ಆಸ್ಟ್ರೇಲಿಯಾದ ಡಾನ್ ಬ್ರಾಡ್ಮನ್ ಟೆಸ್ಟ್ ಕ್ರಿಕೆಟ್‌ನ 80 ಇನಿಂಗ್ಸ್‌ನಲ್ಲಿ 6996 ರನ್ ಹೊಡೆದರು, 10 ಸಲ ನಾಟೌಟ್ ಉಳಿದರು. 6996 ಅನ್ನು 70ರಿಂದ ಭಾಗಿಸಿದಾಗಲೇ 99.94 ಬರುವುದು. ಗಾಯವಾಗಿ ಹೊರಹೋದವನು ನಾಟೌಟ್. ಕಾರಣವಿಲ್ಲದೆ ತಾನೇ ಬಿಟ್ಟು ಬಂದವನು ಔಟ್.

ನಮ್ಮ ಉದಾಹರಣೆಯವನ 14 ಇನಿಂಗ್ಸ್‌ಗಳನ್ನು ಏರಿಕೆ ಕ್ರಮದಲ್ಲಿ ಬರೆಯೋಣ. ನಕ್ಷತ್ರವಿದ್ದದ್ದು ನಾಟೌಟ್: 0, 2, 4*, 5, 7, 8, 9, 11*, 14, 17, 23, 38, 52, 96*. ಒಟ್ಟು 286, ಔಟಾದದ್ದು 11 ಸಲ, ಸರಾಸರಿ 26. ಈಗ ಆ 96ನ್ನು ಬೆರಳಿನಿಂದ ಮುಚ್ಚಿ: 190 ಭಾಗಿಸು 11, ಬರುವುದು 17.27. ಒಂದೇ ದಿನದ ಆಟ ಇಡೀ ವರ್ಷದ ಸರಾಸರಿಯನ್ನು ಸುಮಾರು 9 ರನ್ ಮೇಲೆತ್ತಿದೆ. ಸಾಲಿನ ನಡುವಿನ ಎರಡು ಅಂಕಿ 9 ಮತ್ತು 11, ಅಂದರೆ ಮಧ್ಯಾಂಕ 10. ಮುಂದಿನ ಭಾನುವಾರ ಇವನಿಂದ ಎಷ್ಟು ನಿರೀಕ್ಷಿಸಬಹುದು ಎನ್ನುವುದಕ್ಕೆ 26ಕ್ಕಿಂತ ಈ 10 ಹತ್ತಿರದ ಉತ್ತರ. ಕ್ಲಬ್ ಮಟ್ಟದಲ್ಲಿ ಮಧ್ಯಾಂಕವನ್ನು ಯಾರೂ ಬರೆಯುವುದಿಲ್ಲ, ಬರೆಯಲೇಬೇಕು.

ಔಟ್ ಆದ ಬಗೆ: ಬೌಲ್ಡ್ 4, ಕ್ಯಾಚ್ 4, ರನೌಟ್ 2, ಎಲ್‌ಬಿಡಬ್ಲ್ಯು 1. ಪ್ರತಿಯೊಂದರ ಮುಂದೆ ಅದು ಅವನು ಎದುರಿಸಿದ ಎಷ್ಟನೇ ಎಸೆತ, ಬೌಲರ್ ಎಂಥವನು ಎಂದು ಬರೆಯಿರಿ. ಎಸೆತ ಎಣಿಸುವಾಗ ವೈಡ್ ಬಿಡಬೇಕು, ನೋಬಾಲ್ ಸೇರಿಸಬೇಕು. ಇಲ್ಲಿ ಎರಡಂಕಿ ಮುಟ್ಟದೆ ಔಟಾದದ್ದು 6 ಸಲ. ಅದರಲ್ಲಿ ಬೌಲ್ಡ್ 3, ಎಲ್‌ಬಿಡಬ್ಲ್ಯು 1, ಮತ್ತು ಆ ನಾಲ್ಕೂ ಮೊದಲ 12 ಎಸೆತಗಳೊಳಗೆ, ಒಳಕ್ಕೆ ಬರುವ ಚೆಂಡಿಗೆ ಎಂದಿಟ್ಟುಕೊಳ್ಳಿ. ಹಾಗಾದರೆ ಕಣ್ಣು ಕೂರುವ ಮುಂಚೆಯೇ ಬ್ಯಾಟು ಅಡ್ಡ ಬರುತ್ತಿದೆ, ಬ್ಯಾಟಿಗೂ ಪ್ಯಾಡಿಗೂ ನಡುವೆ ಸಂದು ಬಿಡುತ್ತಿದೆ ಎಂದು ಶಂಕಿಸಬಹುದು. ಹನ್ನೊಂದು ಔಟ್ ದೊಡ್ಡ ಸಂಖ್ಯೆಯೇನಲ್ಲ, ಆದ್ದರಿಂದ ಇದು ಇನ್ನೂ ಶಂಕೆ ಮಾತ್ರ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಹಿಡಿದು ನೋಡಿ. ಖಚಿತವಾದರೆ ನೆಟ್‌ನಲ್ಲಿ ಅರ್ಧ ಗಂಟೆ ಒಂದೇ ಸಮನೆ ಆಡುವುದನ್ನು ಬಿಡಿ. 12 ಎಸೆತ ಆಡುವುದು, ಪ್ಯಾಡ್ ಕಟ್ಟಿಕೊಂಡೇ ಹೊರಗೆ ಕೂರುವುದು, ಮತ್ತೆ ಹೊಸಬನಂತೆ ಗಾರ್ಡ್ ತೆಗೆದುಕೊಂಡು 12 ಎಸೆತ. ಕೆಡುತ್ತಿರುವುದು ಆರಂಭ, ಅಭ್ಯಾಸವೂ ಆರಂಭಕ್ಕೇ ಆಗಬೇಕು.

ಬೌಲಿಂಗ್

ಇದೇ ಆಟಗಾರನ ಬೌಲಿಂಗ್: 61.4 ಓವರ್, 296 ರನ್, 17 ವಿಕೆಟ್. ಇಲ್ಲಿ ಬಹಳ ಮಂದಿ ಎಡವುವುದು ಆ ಚುಕ್ಕೆಯ ಹತ್ತಿರ. ಅದು ದಶಮಾಂಶವಲ್ಲ, 61 ಓವರ್ ಮೇಲೆ 4 ಎಸೆತ, ಅಂದರೆ 370 ಎಸೆತ. ಎಕಾನಮಿ, ಅಂದರೆ ಓವರಿಗೆ ಕೊಟ್ಟ ರನ್: 296 ಭಾಗಿಸು 370, ಗುಣಿಸು 6, ಬಂದದ್ದು 4.80. ಒಂದು ಪಂದ್ಯದ ಮಟ್ಟಿಗೆ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. 3.5 ಓವರಿಗೆ 21 ರನ್ ಕೊಟ್ಟವನ ಎಕಾನಮಿ 6 ಅಲ್ಲ, 23 ಎಸೆತದ ಲೆಕ್ಕಕ್ಕೆ 5.48. ಬೌಲಿಂಗ್ ಸರಾಸರಿ 296 ಭಾಗಿಸು 17, ಅಂದರೆ 17.41. ಸ್ಟ್ರೈಕ್ ರೇಟ್ 370 ಭಾಗಿಸು 17, ಸುಮಾರು 22 ಎಸೆತಕ್ಕೊಂದು ವಿಕೆಟ್. ಬ್ಯಾಟಿಗೆ ತಗುಲದೆ ಬಂದ ಬೈ, ಲೆಗ್ ಬೈ ರನ್ನುಗಳು ಬೌಲರ್ ತಲೆಗೆ ಬರುವುದಿಲ್ಲ, ರನೌಟ್ ಅವನ ವಿಕೆಟ್ಟೂ ಅಲ್ಲ. ವೈಡ್, ನೋಬಾಲ್ ಮಾತ್ರ ಪೂರಾ ಅವನವೇ.

ಈ ವೈಡ್, ನೋಬಾಲ್‌ಗಳಲ್ಲೇ ಕಲಿಯಲು ಬಹಳ ಇದೆ. ಇವನದು ವೈಡ್ 31, ನೋಬಾಲ್ 9. ಕಡಿಮೆಯೆಂದರೂ 40 ರನ್, ಒಟ್ಟು ಕೊಟ್ಟದ್ದರಲ್ಲಿ ಏಳನೇ ಒಂದು ಭಾಗಕ್ಕೆ ಹತ್ತಿರ. ಮೇಲಾಗಿ 40 ಎಸೆತ ಮತ್ತೆ ಹಾಕಬೇಕಾಯಿತು, ಅದು 6 ಓವರ್ 4 ಎಸೆತದ ದಣಿವು. ವೈಡ್ ಸ್ಪೆಲ್ಲಿನ (ಬೌಲರ್ ವಿರಾಮವಿಲ್ಲದೆ ಹಾಕುವ ಓವರ್‌ಗಳ ಸರದಿಯ) ಎಷ್ಟನೇ ಓವರಿನಲ್ಲಿ, ಯಾವ ಕಡೆಗೆ ಹೋಗಿದೆ ಎಂದು ಗುರುತಿಸಿ. ನಾಲ್ಕನೇ ಓವರಿನಿಂದಾಚೆ ಲೆಗ್ ಕಡೆಗೆ ಹೆಚ್ಚಿದ್ದರೆ ದಣಿದ ಮೈಯಲ್ಲಿ ಮುಂದಿನ ಭುಜ ಬೇಗ ತೆರೆದುಕೊಳ್ಳುತ್ತಿರಬಹುದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಪಾದರಸ 40 ಡಿಗ್ರಿ ದಾಟುವಾಗ ಐದಾರು ಓವರ್ ಒಂದೇ ಉಸಿರಿಗೆ ಹಾಕಿಸಬಾರದು, ಮೂರು ಮೂರರ ಸ್ಪೆಲ್ ಸಾಕು. ಮೊದಲ ಓವರಿನಲ್ಲೇ ವೈಡ್ ಇದ್ದರೆ ಕಾರಣ ಬೇರೆ: ಮೈ ಬಿಸಿಯಾಗಿಲ್ಲ, ಇಲ್ಲವೇ ಹೊಸ ಚೆಂಡು ಅವನ ಹಿಡಿತ ಮೀರಿ ಸ್ವಿಂಗ್ ಆಗುತ್ತಿದೆ.

ನೋಬಾಲ್‌ಗೆ ಮದ್ದು ಸುಲಭ. ರನ್-ಅಪ್ ಅನ್ನು, ಅಂದರೆ ಬೌಲರ್ ಓಡಿಬರುವ ದೂರವನ್ನು, ಹೆಜ್ಜೆಯಲ್ಲಿ ಅಳೆಯದೆ ಕ್ರೀಸಿನಿಂದ ಟೇಪ್ ಹಿಡಿದು ಅಳೆಯಿರಿ, ಅಳತೆಯನ್ನು ಕಿಟ್ ಬ್ಯಾಗಿನಲ್ಲಿ ಬರೆದಿಡಿ. ಮ್ಯಾಟ್ ಪಂದ್ಯದಲ್ಲಿ ಓಟ ಮಣ್ಣಿನ ಮೇಲೆ, ಕೊನೆಯ ಹೆಜ್ಜೆ ಮ್ಯಾಟಿನ ಮೇಲೆ. ಅಂಚಿನಲ್ಲಿ ಮೊಳೆ ಸಡಿಲಾಗಿ ಮ್ಯಾಟ್ ಸುಕ್ಕಾಗಿದ್ದರೆ ಹೆಜ್ಜೆ ತಪ್ಪುತ್ತದೆ. ಟಾಸ್‌ಗೆ ಮುಂಚೆ ಎಳೆದು ಬಿಗಿ ಮಾಡಿಸಿ.

ಇವನ ಬೌಲಿಂಗ್‌ನಲ್ಲಿ ಬಿಟ್ಟ ಕ್ಯಾಚ್‌ಗಳನ್ನು ಬೇರೆ ಕಾಲಂನಲ್ಲಿ ಬರೆಯಿರಿ, ಬ್ಯಾಟಿಂಗ್‌ನಲ್ಲಿ ಸಿಕ್ಕ ಜೀವದಾನಗಳನ್ನೂ ಅಷ್ಟೇ. ಆ 96 ರನ್ ಬಂದದ್ದು 12 ರನ್ ಆಗಿದ್ದಾಗ ಎದುರಾಳಿ ಕೈಚೆಲ್ಲಿದ ಕ್ಯಾಚಿನ ನಂತರವೋ ಅಲ್ಲವೋ ಎನ್ನುವುದು ಸಾಮಾನ್ಯ ಸ್ಕೋರ್‌ಕಾರ್ಡಿನಲ್ಲಿ ಕಾಣುವುದಿಲ್ಲ. ಪಂದ್ಯ ಮುಗಿದ ಸಂಜೆಯೇ ಸ್ಕೋರರ್ ಪಕ್ಕ ಕೂತು ಕೇಳಿ ಬರೆದುಕೊಂಡರೆ ಮಾತ್ರ ಅದು ಉಳಿಯುತ್ತದೆ.