ಅಪ್ಪನ ಕಂಪನಿ, ಮಗನ ತಂಡ: ಬೆಂಗಳೂರಿನ ಹಳೇ ಫುಟ್‌ಬಾಲ್ ಕ್ಲಬ್‌ಗಳ ಕಥೆ

ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಶುರುವಾಯಿತು ಅಂದುಕೊಂಡವರೇ ಜಾಸ್ತಿ. ಆ ವರ್ಷ ಬೆಂಗಳೂರು ಎಫ್‌ಸಿ ಹುಟ್ಟಿತು, ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಕಂಠೀರವದಲ್ಲಿ ನೀಲಿ ಜೆರ್ಸಿ ಹಾಕಿಕೊಂಡ ಹುಡುಗರು ತೊಂಬತ್ತು ನಿಮಿಷ ಹಾಡುವುದನ್ನು ಕೇಳಿದರೆ ನನಗೂ ಖುಷಿಯೇ. ಆದರೆ ಇದೇ ಊರಲ್ಲಿ ವಿಮಾನ ಕಾರ್ಖಾನೆಯ ಎಚ್‌ಎಎಲ್, ದೂರವಾಣಿ ಕಾರ್ಖಾನೆಯ ಐಟಿಐ, ಸೇನೆಯ ಎಂಇಜಿ, ಸ್ಟೂಡೆಂಟ್ಸ್ ಯೂನಿಯನ್ ತಂಡಗಳು ಅಂದರೆ ಜೀವ ಬಿಡುವ ಜನ ಇದ್ದರು. ಅವರೆಲ್ಲ ಎಲ್ಲಿ ಹೋದರು?

ಈ ಆಟ ಬಂದದ್ದು ದಂಡಿನ ಜೊತೆ. ಕಂಟೋನ್ಮೆಂಟಿನಲ್ಲಿ ಬ್ರಿಟಿಷ್ ಸಿಪಾಯಿಗಳು ಆಡುತ್ತಿದ್ದರು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್ ಕಡೆಯ ಹುಡುಗರು ಅದನ್ನು ನೋಡಿ ಕಲಿತರು. ಬಾಂಬೆಯ ರೋವರ್ಸ್ ಕಪ್ ಫುಟ್‌ಬಾಲ್ ಟೂರ್ನಿ ಆಗ ದಂಡಿನ ತಂಡಗಳದ್ದೇ ಸ್ವತ್ತು. 1937ರಲ್ಲಿ ಅದನ್ನು ಅವರ ಕೈಯಿಂದ ಕಿತ್ತುಕೊಂಡ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. 1938ರಲ್ಲೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರು. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಸುಮ್ನೆ ನಿಂತಿಲ್ಲ.

ಆಮೇಲೆ ಬಂದದ್ದು ಕಾರ್ಖಾನೆಗಳ ಕಾಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಕಾಯಂ ಕೆಲಸ ಸಿಗುತ್ತಿತ್ತು. ಪಕ್ಕದ ಮಷಿನ್ ಮುಂದೆ ನಿಲ್ಲುವವನು ಸಂಜೆ ಗೋಲು ಹೊಡೆದರೆ ಇಡೀ ಡಿಪಾರ್ಟ್‌ಮೆಂಟೇ ಗೆದ್ದ ಹಾಗೆ. ಈ ಕ್ಲಬ್‌ಗಳನ್ನು ಯಾರೂ ಟಿವಿ ನೋಡಿ ಆರಿಸಿಕೊಂಡವರಲ್ಲ. ಅಪ್ಪ ದೂರವಾಣಿನಗರದಲ್ಲಿ ಕೆಲಸಕ್ಕಿದ್ದರೆ ಮಗ ಐಟಿಐ, ಅಷ್ಟೇ. ಹಾಗಾಗಿ ಸೋತರೂ ತಂಡ ಬದಲಾಯಿಸುವ ಮಾತೇ ಬರುತ್ತಿರಲಿಲ್ಲ.

ಏಟು ಬಿದ್ದದ್ದೂ ಅಲ್ಲಿಗೇ. 1991ರ ನಂತರ ಸರ್ಕಾರಿ ಕಾರ್ಖಾನೆಗಳ ದೆಸೆ ತಿರುಗಿತು. ಐಟಿಐ ನಷ್ಟಕ್ಕೆ ಇಳಿಯಿತು, ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಕಡಿಮೆಯಾಯಿತು. ಎಲ್ಲರೂ ಹೇಳುವುದು ಆಟಗಾರರ ಕೊರತೆಯ ಮಾತು. ನನಗೆ ದೊಡ್ಡದಾಗಿ ಕಾಣುವುದು ಬೇರೆ: ಕೆಲಸ ಇಲ್ಲದ ಕಡೆ ಬೆಂಬಲಿಗರೂ ಹುಟ್ಟುವುದಿಲ್ಲ. ಅಪ್ಪ ನಿವೃತ್ತರಾದರು, ಮಗ ವೈಟ್‌ಫೀಲ್ಡಿನ ಐಟಿ ಕಂಪನಿ ಸೇರಿದ. ಅವನಿಗೆ ರಾತ್ರಿ ಟಿವಿಯಲ್ಲಿ ಮ್ಯಾಂಚೆಸ್ಟರ್ ಸಿಗುತ್ತದೆ, ಅಪ್ಪನ ತಂಡದ ಪಂದ್ಯ ಯಾವತ್ತು ಅಂತ ಹೇಳುವವರಿಲ್ಲ. ಐ-ಲೀಗ್‌ನಲ್ಲಿ ಎರಡು ಸೀಸನ್ ಆಡಿದ ಎಚ್‌ಎಎಲ್ 2012ರಲ್ಲಿ ಕೊನೇ ಸ್ಥಾನಕ್ಕೆ ಕುಸಿದು ಹೊರಬಿತ್ತು. ಮರುವರ್ಷವೇ ನೀಲಿ ಜೆರ್ಸಿ ಬಂತು.

ಈಗಲೂ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸೂಪರ್ ಡಿವಿಷನ್, ಅಂದರೆ ಬೆಂಗಳೂರಿನ ಕ್ಲಬ್‌ಗಳ ಲೀಗ್‌ನ ಪಂದ್ಯ ನಡೆದಾಗ ಒಮ್ಮೆ ಹೋಗಿ ನೋಡಿ. ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟ್ ಮೆಟ್ಟಿಲು ಕಾದಿರುತ್ತದೆ. ನೆರಳು ಸರಿದ ಹಾಗೆ ಹಿರಿಯರೂ ಟವೆಲ್ ಎತ್ತಿಕೊಂಡು ಸರಿಯುತ್ತಾರೆ. ಕನ್ನಡ, ತಮಿಳು, ಉರ್ದು ಎಲ್ಲದರಲ್ಲೂ ಬೈಗುಳ, ಎಲ್ಲದರಲ್ಲೂ ಮುದ್ದು. "ರೈಟಿಗೆ ಹಾಕೋ ಮಗಾ!" ಅಂತ ಕೂಗಿದರೆ ಅದು ಆ ಹುಡುಗನ ಕಿವಿಗೆ ನೇರವಾಗಿ ಬೀಳುತ್ತದೆ, ಅವನು ತಿರುಗಿ ಕೈ ಎತ್ತುತ್ತಾನೆ. ಅಷ್ಟು ಹತ್ತಿರದ ನಂಟು ದೊಡ್ಡ ಸ್ಟೇಡಿಯಂಗಳಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಈ ಲೀಗ್ ಇವತ್ತಿಗೂ ಬಂಜೆಯಾಗಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು, ಅದೂ 54 ವರ್ಷಗಳ ನಂತರ. ಹಿಂದಿನ ನಾಲ್ಕು ಗೆಲುವೂ ಮೈಸೂರು ಎಂಬ ಹೆಸರಿನಲ್ಲಿದ್ದ ಕಾಲದವು. ಆ ಸಲ ಕಪ್ ಎತ್ತಿದವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿನ ಈ ಲೀಗ್‌ನಲ್ಲಿ ಆಡಿದ ಹುಡುಗರು. ಈ ಲೀಗ್‌ನ ಪಂದ್ಯಗಳನ್ನು ಆಫೀಸು ಬಿಟ್ಟ ಮೇಲೆ, ಲೈಟ್ ಹಾಕಿ, ಸಂಜೆ ಇಡಲಿ. ಯಾರು ಯಾರ ಮೇಲೆ, ಯಾವತ್ತು ಅಂತ ಹಲಸೂರು, ದೂರವಾಣಿನಗರದ ಗೋಡೆಗಳ ಮೇಲೆ ಕನ್ನಡದಲ್ಲಿ ಪೋಸ್ಟರ್ ಅಂಟಿಸಲಿ. ಅಪ್ಪನ ತಂಡವನ್ನು ನೋಡಲು ಬರುವ ಮಕ್ಕಳು ಈ ಊರಲ್ಲಿ ಇನ್ನೂ ಇದ್ದಾರೆ.